ಪಟ್ಟಿ ಮೇಷ್ಟ್ರ ಕಂಪೈಲು

ಬಸ್ ಡಿಪೊದ ಪಟ್ಟಿ ಮೇಷ್ಟ್ರು ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಅದು ಅವರ ಗುರುತೇ ಹಿಡಿಯಲಿಲ್ಲ. ಹಿಂದಿನ ದಿನ ಟೆಕ್ನಿಷಿಯನ್ ಬಂದು ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿ ಹೋಗಿದ್ದ. ಯಾವ ಡ್ರೈವರಿಗೆ ಯಾವ ಬಸ್ಸು ಎಂದು ದಿನಾ ಪಟ್ಟಿ ತೆಗೆಯುವುದು ಮೇಷ್ಟ್ರ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನು ಮಾಡುತ್ತಿದ್ದದ್ದು ಅವರೇ ಬರೆದ ಪ್ರೋಗ್ರಾಮು. ಈಗ ಅದನ್ನು ಮತ್ತೆ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿ, ಹೊಸ ಸಿಸ್ಟಮ್ಮಿಗೆ ಒಪ್ಪಿಸಬೇಕು.

"ಐದಕ್ಕೆ ಪಟ್ಟಿ ಬೋರ್ಡಿಗೆ ಬೀಳ್ಬೇಕು ಮೇಷ್ಟ್ರೇ. ಇಲ್ದಿದ್ರೆ ನಿಮ್ಮನ್ನ ಟೈರ್ ಗೋದಾಮಿಗೆ ಹಾಕು ಅಂದಿದಾರೆ ಮೇಲಿನವ್ರು," ಎಂದರು ಮ್ಯಾನೇಜರ್. "ನನ್ನ ಕೈಲೇನಿಲ್ಲ."

ಡಿಪೊದಲ್ಲಿ ತನ್ನದೆಂದು ಹೇಳಿಕೊಳ್ಳಲು ಮೇಷ್ಟ್ರಿಗೆ ಆ ಪ್ರೋಗ್ರಾಮು ಬಿಟ್ಟರೆ ಬೇರೇನಿರಲಿಲ್ಲ. ಅವರಿಗೆ ನಿಜಕ್ಕೂ ಭಯವಾಯಿತು.

ಕಂಪೈಲ್ ಒತ್ತಿದರು. ಇನ್ನೂರ ಹದಿನಾಲ್ಕು ತಪ್ಪು. ತಪ್ಪು ಹುಡುಕುವುದರಲ್ಲಿ ಪಳಗಿದ ಅವರ ಅಕ್ಕ ಕೂಡ ಒಂದೇ ಸಲಕ್ಕೆ ಇಷ್ಟು ಕಂಡವಳಲ್ಲ.

ಮೇಷ್ಟ್ರು ಒಂದೊಂದೇ ಸಾಲು ತಿದ್ದತೊಡಗಿದರು. ನಲವತ್ತು ತಿದ್ದಿದ್ದರೋ ಏನೋ, ಮೆಕ್ಯಾನಿಕ್ ಬಂದ.

"ಬಿಸಿಯಾಗಿದೆ ಅಷ್ಟೆ, ಸ್ವಲ್ಪ ಆರೋಕೆ ಬಿಡಿ," ಎಂದು ತಾನೇ ಸ್ವಿಚ್ ಆರಿಸಿದ. ಇನ್ನೂ ಸೇವ್ ಮಾಡಿರಲಿಲ್ಲ, ತಿದ್ದಿದ್ದೆಲ್ಲ ನೀರಿನಲ್ಲಿ ಹೋಮವಾಯಿತು.

ಮತ್ತೆ ಮೊದಲಿಂದ ಶುರು. ಟಿಕೆಟ್ ವಿಭಾಗದ ಮೇಡಂ ಕುರ್ಚಿ ಎಳೆದುಕೊಂಡು ಕೂತು, ಒಂದೊಂದು ತಪ್ಪನ್ನೂ ಇಡೀ ಆಫೀಸಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದರು. "ಪಾಪ, ಇದೂ ತಪ್ಪಂತೆ ನೋಡಿ," ಎಂದು ಮರುಗಿದರು. ಹೆಡ್ ಗುಮಾಸ್ತರು ಬಂದು, ತಪ್ಪಿರುವ ಸಾಲುಗಳನ್ನೆಲ್ಲ ಹೊಡೆದುಹಾಕಿದರೆ ತಪ್ಪೇ ಇರುವುದಿಲ್ಲವಲ್ಲ ಎಂದರು. ಮೇಷ್ಟ್ರು ಯಾರಿಗೂ ಎದುರಾಡದೆ, ಊಟಕ್ಕೂ ಏಳದೆ, ಹಲ್ಲು ಕಚ್ಚಿ ಕೂತರು.

ಮಧ್ಯಾಹ್ನ ಎರಡೂವರೆಗೆ ತಪ್ಪು ಸೊನ್ನೆಗೆ ಇಳಿಯಿತು. ಪರೀಕ್ಷೆಗೆಂದು ನಿನ್ನೆಯ ಪಟ್ಟಿ ತೆಗೆದು ನೋಡಿದರು. ಒಂದು ಹೆಸರೂ ಅತ್ತಿತ್ತ ಆಗಿರಲಿಲ್ಲ. ಅವರ ಕಣ್ಣು ತುಂಬಿ ಬಂತು. ನಾಳೆಯ ಪಟ್ಟಿಗೆ ಡ್ರೈವರುಗಳ ರಜಾ ಚೀಟಿ ಬರಬೇಕು. ಅದು ಬರುವುದು ನಾಲ್ಕೂವರೆಗೆ. ಅಲ್ಲಿಯವರೆಗೆ ಒಂಚೂರು ಬೆನ್ನು ಚಾಚೋಣವೆಂದು ವಿಶ್ರಾಂತಿ ಕೋಣೆಗೆ ಹೋದರು.

ಚೀಟಿಗಳನ್ನು ಹಿಡಿದು ವಾಪಸು ಬಂದಾಗ ಇಡೀ ಆಫೀಸು ಅವರ ಮೇಜಿನ ಸುತ್ತ ನಗುನಗುತ್ತಾ ನಿಂತಿತ್ತು. ಪರದೆಯ ಮೇಲೆ ಹಳೆಯ ಸಿಸ್ಟಮ್ಮು.

"ಇವ್ರೆಲ್ಲ ನನ್ನ ರೂಮಿಗೆ ಬಂದ್ಬಿಟ್ರು," ಎಂದರು ಮ್ಯಾನೇಜರ್. "ಮೇಷ್ಟ್ರ ಕಷ್ಟ ನೋಡೋಕಾಗಲ್ಲ ಅಂತ. ನಾನೂ ಮೇಲಿನವ್ರ ಹತ್ರ ಜಗಳ ಆಡ್ದೆ. ಟೆಕ್ನಿಷಿಯನ್ ಹಳೇದನ್ನೇ ಹಾಕಿ ಈಗ ತಾನೆ ಊರಿಗೆ ಹೊರಟ."

"ನನ್ನ ಪ್ರೋಗ್ರಾಮು?"

"ಜೋಪಾನವಾಗಿ ಇಟ್ಟಿದಾನೆ. ನೀವು ಇವತ್ತು ತಿದ್ದಿದ್ದೇ."

"ಅದಕ್ಕೆ ಮುಂಚಿಂದು?"

"ಅದರ ಮೇಲೇ ಅಲ್ವೇ ನೀವು ತಿದ್ದಿದ್ದು?"

ಮೇಷ್ಟ್ರು ಕೂತು ಕಂಪೈಲ್ ಒತ್ತಿದರು. ಹೊಸದಕ್ಕೆಂದು ತಿದ್ದಿದ ಒಂದು ಸಾಲನ್ನೂ ಹಳೆಯದು ಒಪ್ಪಲಿಲ್ಲ. ಗಂಟೆ ಐದಕ್ಕೆ ಹತ್ತು ನಿಮಿಷವಿತ್ತು.

"ಹೇಗಿದೆ? ಈಗ ಮನಸ್ಸು ಹಗುರ ಆಯ್ತಾ?" ಎಂದರು ಮ್ಯಾನೇಜರ್.

ಸುತ್ತ ನಿಂತವರ ಮುಖಗಳನ್ನು ನೋಡಿ ಮೇಷ್ಟ್ರಿಗೆ ನಿಜ ಹೇಳಲು ಬಾಯಿ ಬರಲಿಲ್ಲ.

"ತುಂಬಾ ಉಪಕಾರ ಆಯ್ತು ಸಾರ್," ಎಂದರು. "ಆ ಗೋದಾಮಲ್ಲಿ ಕೂರೋಕೆ ಕುರ್ಚಿ ಏನಾದ್ರೂ ಇದ್ಯಾ?"