ಇರ್ಮಾಳ ಸ್ಕೇಟಿಂಗ್ ಶೂ ಮತ್ತು ನನ್ನ ಪಾಂಡಿತ್ಯ

ಮೂವತ್ತೊಂದು ವರ್ಷ ಕಂಡಕಂಡವರ ಕಾಲು ಹಿಡಿದು ಸಂಸಾರ ನಡೆಸಿದವನು ನಾನು. ತಪ್ಪು ತಿಳಿಯಬೇಡಿ, ನಮ್ಮೂರು ಚುಲಾ ವಿಸ್ತಾದ ಮಾಲ್‌ನಲ್ಲಿ ಶೂ ಮಾರುವುದು ನನ್ನ ಉದ್ಯೋಗ. (ಮನೆಯಲ್ಲೂ ಕಾಲು ಹಿಡಿಯುವುದುಂಟು. ಅಲ್ಲಿ ಸಂಬಳವಿಲ್ಲ.) ವಕೀಲರು, ಪಾದ್ರಿಗಳು, ಮದುವೆ ಗಂಡುಗಳು, ಯಾರೂ ಶೂ ವಿಷಯದಲ್ಲಿ ಈ ಬೇತೋನ ಮಾತು ಮೀರಿದವರಲ್ಲ. ಮೀರಿದವಳು ಒಬ್ಬಳೇ. ಅವಳನ್ನು ನಾನು ಚರ್ಚಿನಲ್ಲಿ ಮದುವೆಯಾಗಿದ್ದೇನೆ.

ನನ್ನ ಹೆಂಡತಿ ಇರ್ಮಾಗೆ ಐವತ್ತೆರಡು. ವಾರವೆಲ್ಲ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಊರಿನವರ ಹಲ್ಲು ತಿಕ್ಕುತ್ತಾಳೆ. ಭಾನುವಾರ ಬಂತೆಂದರೆ ಸ್ಕೇಟ್‌ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಪಾರ್ಕಿಗೆ ಹೊರಟುಬಿಡುತ್ತಾಳೆ. ಹದಿನಾಲ್ಕರಲ್ಲಿ ಕಲಿತ ವಿದ್ಯೆ. ನಡುವೆ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸುವುದಕ್ಕೆಂದು ಇಪ್ಪತ್ತು ವರ್ಷ ಕಟ್ಟಿಟ್ಟಿದ್ದಳು. ಈಗ ಐವತ್ತು ದಾಟಿದ ಹೆಂಗಸರ ಪಂದ್ಯ ಎದುರಿಗಿತ್ತು, ಶನಿವಾರಕ್ಕೆ. ಸೋಮವಾರ ನೋಡಿದರೆ ಅವಳ ಎಡ ಶೂ ಕಿರುಬೆರಳಿನ ಬಳಿ ಬಾಯಿ ಬಿಟ್ಟಿದೆ!

“ಹೊಸದನ್ನ ನಾನೇ ಆರಿಸಿಕೊಡ್ತೀನಿ,” ಎಂದೆ ಗತ್ತಿನಿಂದ.

“ಬರೋದಾದ್ರೆ ಬಾ. ಬಾಯಿ ಮಾತ್ರ ಮನೇಲಿ ಬಿಟ್ಟು ಬಾ.”

ಹೋದದ್ದು ಮಂಡೋನ ಸ್ಕೇಟ್ ಅಂಗಡಿಗೆ. ಮಂಡೋ ಬಿಳಿ ಜುಟ್ಟಿನ ಆಸಾಮಿ, ಇರ್ಮಾ ಹುಡುಗಿಯಾಗಿದ್ದಾಗಿನಿಂದ ಅವಳ ಸ್ಕೇಟಿಂಗ್ ಜೊತೆಗಾರ. ಗೋಡೆಯಿಂದ ಒಂದು ಶೂ ಎತ್ತಿ ತಿರುಗಿಸಿದೆ. ಹಿಮ್ಮಡಿಯೇ ಇಲ್ಲ! ತಳ ಟೋರ್ಟಿಯಾ ರೊಟ್ಟಿಯ ಹಾಗೆ ಚಪ್ಪಟೆ.

“ಏನಯ್ಯಾ ಮಂಡೋ, ಇದರಲ್ಲಿ ಮೆತ್ತಗೆ ಅನ್ನೋದೇ ಇಲ್ವಲ್ಲ!”

“ಮೆತ್ತಗಿದ್ರೆ ಸ್ಕೇಟ್ ಹಲಗೆ ಎಲ್ಲಿದೆ ಅಂತ ಕಾಲಿಗೆ ಗೊತ್ತಾಗಲ್ಲ ಗುರುವೇ. ನಿನ್ನ ಹೆಂಡ್ತೀನೇ ಕೇಳು.”

ಅವಳಿಗೆಲ್ಲಿ ಪುರುಸೊತ್ತು? ಒಂದೊಂದೇ ಶೂ ತೆಗೆದು ನಡುವಿಗೆ ಬಗ್ಗಿಸಿ ನೋಡುತ್ತಿದ್ದಳು. ಉಗುರಿನಿಂದ ಹೊಲಿಗೆ ಕೆರೆಯುತ್ತಿದ್ದಳು. ತಳದ ಅಂಚಿಗೆ ಮೂಗು ಹಚ್ಚಿ ಗೋಂದು ಮೂಸುತ್ತಿದ್ದಳು. ಮೂವತ್ತೊಂದು ವರ್ಷದಲ್ಲಿ ನನ್ನ ಯಾವ ಗಿರಾಕಿಯೂ ಹೀಗೆ ಶೂ ನೋಡಿದ್ದಿಲ್ಲ.

“ಆ ಕೆಂಪು ಬಟ್ಟೇದು ಚೆನ್ನಾಗಿದೆ,” ಎಂದೆ.

“ಹಲಗೆ ಮೇಲೆ ಉಪ್ಪುಕಾಗದ ಅಂಟಿಸಿರ್ತಾರಲ್ಲ, ಅದು ಬಟ್ಟೇನ ಒಂದೇ ತಿಂಗಳಲ್ಲಿ ತಿಂದುಹಾಕತ್ತೆ. ತೊಗಲೇ ಬೇಕು, ಒರಟು ಮೈ ಹೊರಗಿರೋದು.”

“ಸರಿ, ಈ ತೊಗಲಿಂದು?”

“ಹೊಲಿಗೆ ಎಲ್ಲಿದೆ ನೋಡು ಬೇತೋ. ಉಜ್ಜೋ ಜಾಗದಲ್ಲೇ ಇದೆ. ದಾರ ಹರೀತು ಅಂದ್ರೆ ಶೂ ಕಥೆ ಮುಗೀತು.”

ಕೊನೆಗೆ ಒಂದು ಕರೀ ಜೊತೆ ಹಾಕಿಕೊಂಡಳು. ನಾನು ಮಂಡಿಯೂರಿ ಬೆರಳ ತುದಿ ಒತ್ತಿದೆ. “ಮುಂದೆ ಹೆಬ್ಬೆರಳಗಲ ಜಾಗ ಬಿಡಬೇಕು. ಶಾಸ್ತ್ರ!”

“ನಿನ್ನ ಶಾಸ್ತ್ರ ಪಾದ್ರಿಗಳಿಗಿರಲಿ. ಅವರು ಗಾಳೀಲಿ ಹಾರಲ್ಲ.”

ಮಂಡೋ ಬಿದ್ದು ಬಿದ್ದು ನಕ್ಕ. ಇರ್ಮಾ ಅಂಗಡಿಯ ಹಲಗೆಯೊಂದರ ಮೇಲೆ ನಿಂತು, ಕಣ್ಣು ಮುಚ್ಚಿ, ಪಾದವನ್ನು ಮೆಲ್ಲಗೆ ಅತ್ತಿತ್ತ ಹೊರಳಿಸಿದಳು. ಮುಖದಲ್ಲಿ ಹದಿನಾಲ್ಕರ ಕಳೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಅವಳ ಕಾಲು ಹಿಡಿಯಲು ನನಗೆ ಯಾವ ಸಂಬಳವೂ ಬೇಕಿರಲಿಲ್ಲ.

ಆದರೂ ಪಾಂಡಿತ್ಯ ಸುಮ್ಮನಿರಬೇಕಲ್ಲ! ಅವಳ ಮಂಡಿಯ ಚಿಂತೆ ಬೇರೆ. ಶನಿವಾರ ಬೆಳಗ್ಗೆ ಅವಳು ಮೊಟ್ಟೆ ಬೇಯಿಸುತ್ತಿದ್ದಾಗ, ನಮ್ಮ ಅಂಗಡಿಯ ಅತ್ಯುತ್ತಮ ಸ್ಪಂಜಿನ ಪದರ ಎರಡನ್ನು ಆ ಶೂಗಳ ಒಳಗೆ ಗುಟ್ಟಾಗಿ ತುರುಕಿದೆ.

ಪಾರ್ಕಿನಲ್ಲಿ ಅವಳು ಚಪ್ಪಲಿ ಕಳಚುವಷ್ಟರಲ್ಲೇ ಹೆಸರು ಕೂಗಿದರು. ಅವಸರದಲ್ಲಿ ಶೂಗೆ ಕಾಲು ತೂರಿಸಿಕೊಂಡು ಓಡಿದಳು. ಸ್ಕೇಟಿಂಗ್‌ಗೆಂದೇ ತೋಡಿದ ಕಾಂಕ್ರೀಟಿನ ದೈತ್ಯ ಬಾಣಲೆಯೊಳಗೆ ಹಲಗೆಯ ಮೇಲೆ ಇಳಿದಳು, ಮೊದಲ ತಿರುವಿನಲ್ಲೇ ಪಾದ ಜಾರಿ ಮಂಡಿಗವಚದ ಮೇಲೆ ಬಿದ್ದಳು. ಅವಳು ತಳದಲ್ಲೇ ಕೂತು, ಶೂ ಬಿಚ್ಚಿ, ಒಳಗಿನಿಂದ ಸ್ಪಂಜು ಎಳೆದು ಮೇಲೆತ್ತಿ ಹಿಡಿದಳು.

“ಬೇತೋ!”

ಮೈಕಿನವನು ಸುಮ್ಮನಿದ್ದನೇ? “ಬೇತೋ ಅನ್ನೋರು ಯಾರಪ್ಪಾ? ನಿಮ್ಮ ಹಾಸಿಗೆ ಇಲ್ಲಿ ಸಿಕ್ಕಿದೆ, ಬಂದು ತಗೊಂಡು ಹೋಗಿ!”

ಹೋದೆ. ಕ್ಷಮೆ ಕೇಳೋಣವೆಂದು ಅಂಚಿನಿಂದ ಒಂದು ಹೆಜ್ಜೆ ಇಟ್ಟೆನಷ್ಟೆ. ನನ್ನ ಪಾಲಿಶ್ ಹೊಡೆದ ತೊಗಲಿನ ತಳದ ಶೂ ಸೊಯ್ಯೆಂದು ನನ್ನನ್ನು ಬಾಣಲೆಯ ತಳಕ್ಕೆ ಒಯ್ದು ಇರ್ಮಾಳ ಪಕ್ಕ ಕೂರಿಸಿತು. ಏರಲು ಹೋದೆ, ಜಾರಿದೆ. ಮತ್ತೆ ಏರಿದೆ, ಮತ್ತೆ ಜಾರಿದೆ. ಕೊನೆಗೆ ನಾಲ್ವರು ಸ್ಪರ್ಧಿಗಳು, ಅಜ್ಜಿಯಂದಿರು, ತೋಳು ಹಿಡಿದು ಎಳೆದು ದಡ ಸೇರಿಸಿದರು.

ಇರ್ಮಾಳ ಎರಡನೇ ಸರದಿ ಬಂತು. ಆಹಾ! ಗೋಡೆ ಏರಿ, ಅಂಚು ದಾಟಿ, ಗಾಳಿಯಲ್ಲಿ ತಿರುಗಿ ಇಳಿದಳು. ಆ ಚಪ್ಪಟೆ ತಳ ಹಲಗೆಯನ್ನು ಬೆಕ್ಕು ಕೊಂಬೆ ಹಿಡಿದ ಹಾಗೆ ಹಿಡಿದಿತ್ತು. ಎರಡನೇ ಬಹುಮಾನ! ಕಿರುಚಿ ಕಿರುಚಿ ನನ್ನ ಗಂಟಲು ಹೋಯಿತು.

ಹೆಂಗಸರೆಲ್ಲ ಅವಳನ್ನು ಸುತ್ತುವರಿದು ಶೂ ವಿಚಾರಿಸುತ್ತಿದ್ದರು. ಇರ್ಮಾ ದೊಡ್ಡ ಮನಸ್ಸು ಮಾಡಿ ನನ್ನನ್ನು ಮುಂದಕ್ಕೆಳೆದಳು. “ಇವನನ್ನ ಕೇಳಿ. ಮೂವತ್ತೊಂದು ವರ್ಷದಿಂದ ಶೂ ವ್ಯಾಪಾರದಲ್ಲೇ ಇದಾನೆ.”

ನಾನು ಎದೆ ಉಬ್ಬಿಸಿದೆ. ಒಬ್ಬಾಕೆ ನನ್ನ ಕಾಲನ್ನೇ ಒಂದು ಗಳಿಗೆ ನೋಡಿ, ಇರ್ಮಾಳ ಕಡೆಗೆ ತಿರುಗಿ ಮರುಕದಿಂದ ಹೇಳಿದಳು:

“ಪಾಪ, ಹಾಗಾದ್ರೆ ಅವನಿಗೂ ಒಂದು ಜೊತೆ ಆರಿಸಿಕೊಡಬಾರದೇನೇ?”