ಏಳು ನಿಮಿಷದ ಅಮೆರಿಕ ವಿರೋಧ

ಪರ್ತ್, ಬ್ರಿಸ್ಬೇನ್ ಮತ್ತು ಅಡಿಲೇಡ್ ನಗರಗಳ ಕನ್ನಡ ಕೂಟಗಳು ಸೇರಿ ನಡೆಸುವ ವಾರ್ಷಿಕ ಚರ್ಚಾಸ್ಪರ್ಧೆಯಲ್ಲಿ ಯಾರು ಗೆಲ್ಲಬೇಕೆಂಬುದು ಚರ್ಚೆಗೆ ಎಂಟು ವಾರ ಮೊದಲೇ ತೀರ್ಮಾನವಾಗಿರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಬಹುಮಾನದ ಹಿತ್ತಾಳೆ ಫಲಕಗಳನ್ನು ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಮಾಡಿಸಬೇಕು, ಗೆದ್ದವರ ಹೆಸರನ್ನು ಅಲ್ಲೇ ಕೆತ್ತಿಸಬೇಕು, ರಜೆಗೆ ಊರಿಗೆ ಹೋದವರು ಯಾರಾದರೂ ಅವನ್ನು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟು ತರಬೇಕು. ಹೀಗಾಗಿ ಮೊದಲು ಫಲಕ, ಆಮೇಲೆ ಚರ್ಚೆ. ಹನ್ನೊಂದು ವರ್ಷಗಳಲ್ಲಿ ಸೋತವರು ಒಬ್ಬರೂ ತಕರಾರು ಎತ್ತಿಲ್ಲ. ಸೋಲುವುದು ಮೊದಲೇ ಗೊತ್ತಿರುವುದರಿಂದ ಅವರಿಗೆ ತಯಾರಿಯ ಶ್ರಮ ತಪ್ಪುತ್ತದೆ.

ನಾನು ಈ ಜಂಟಿ ಸಮಿತಿಯ ಕಾರ್ಯದರ್ಶಿ. ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ನನ್ನ ಮನೆ. ನಡಾವಳಿ ಬರೆಯುವುದು ನನ್ನ ಕೆಲಸ, ಅಭಿಪ್ರಾಯ ಇಟ್ಟುಕೊಳ್ಳುವುದು ನಿಯಮಬಾಹಿರ.

ಹಿಂದಿನ ವರ್ಷ ‘ಮಕ್ಕಳಿಗೆ ಕನ್ನಡ ಬೇಕೇ?’ ಎಂಬ ವಿಷಯ ಇಟ್ಟು ಮೂರು ಮನೆತನಗಳ ನಡುವೆ ಮಾತು ನಿಂತುಹೋಗಿತ್ತು. ಆದ್ದರಿಂದ ಈ ವರ್ಷ ಯಾರಿಗೂ ನೋವಾಗದಂಥ, ದೂರದ ವಿಷಯ ಬೇಕೆಂದು ಅಧ್ಯಕ್ಷರಾದ ನಂಜುಂಡಪ್ಪನವರು ಸೂಚಿಸಿದರು. ಅವರು ಪರ್ತ್‌ನಲ್ಲಿ ಗಣಿ ಕಂಪನಿಯೊಂದರ ಸುರಕ್ಷತಾ ವಿಭಾಗದಲ್ಲಿದ್ದಾರೆ. ಅಪಾಯವನ್ನು ದೂರ ಇಡುವುದು ಅವರ ವೃತ್ತಿ. ಭೂಪಟ ನೋಡಲಾಗಿ ಅಮೆರಿಕ ಸಾಕಷ್ಟು ದೂರದಲ್ಲಿರುವುದು ಕಂಡುಬಂತು. ‘ಜಗತ್ತಿನಲ್ಲಿ ಅಮೆರಿಕದ ಮರ್ಯಾದೆ, ಸಾಂಸ್ಕೃತಿಕ ವೈವಿಧ್ಯ ಮತ್ತು ಆರ್ಥಿಕ ಬಲ ಇನ್ನೂ ಉಳಿದಿವೆ’ ಎಂಬ ವಿಷಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಪರವಾಗಿ ಮಾತಾಡಲು ಹದಿನಾಲ್ಕು ಜನ ಹೆಸರು ಕೊಟ್ಟರು. ವಿರೋಧವಾಗಿ ಮಾತಾಡಲು ಯಾರೂ ಕೊಡಲಿಲ್ಲ. ಒಬ್ಬರ ಅಕ್ಕ ನ್ಯೂಜೆರ್ಸಿಯಲ್ಲಿದ್ದರು. ಒಬ್ಬರ ಮಗ ಟೆಕ್ಸಾಸಿನ ಯೂನಿವರ್ಸಿಟಿಗೆ ಅರ್ಜಿ ಹಾಕಿದ್ದ. ಇನ್ನೊಬ್ಬರಿಗೆ ಅಲ್ಲಿ ಯಾರೂ ಇರಲಿಲ್ಲ, ಆದರೆ ಮುಂದೆ ಇರಬಹುದೆಂದು ಅವರು ಪ್ರಾಮಾಣಿಕವಾಗಿ ಹೇಳಿದರು. ವೀಸಾ ಅರ್ಜಿಯಲ್ಲಿ ಈಗ ಐದು ವರ್ಷದ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮಿನ ವಿವರ ಕೇಳುತ್ತಾರೆ. ನಮ್ಮ ಕೂಟವೋ ತಿಂಡಿಯ ತಟ್ಟೆಯನ್ನೂ ಬಿಡದೆ ಲೈವ್ ಹಾಕುತ್ತದೆ.

ಹೆಸರು ಕೊಡುವ ಆ ಆನ್‌ಲೈನ್ ಸಭೆ ನಡೆದದ್ದು ಜೂನ್ ತಿಂಗಳ ಒಂದು ಭಾನುವಾರ. ಪರ್ತ್‌ನಲ್ಲಿ ಬೆಳಗಿನ ಎಂಟು, ಅಡಿಲೇಡ್‌ನಲ್ಲಿ ಒಂಬತ್ತೂವರೆ, ಬ್ರಿಸ್ಬೇನ್‌ನಲ್ಲಿ ಹತ್ತು. ಬ್ರಿಸ್ಬೇನಿನ ಹಿರಿಯ ಸದಸ್ಯರಾದ ಲಿಗೋರಿ ಅಂಕಲ್ ಆ ಹೊತ್ತಿಗೆ ಚರ್ಚಿನಲ್ಲಿದ್ದರು. ಸಭೆಗೆ ಬಾರದವರ ತಲೆಗೆ ಕೆಲಸ ಕಟ್ಟುವುದು ನಮ್ಮ ಕೂಟದ ಹಳೆಯ ಪದ್ಧತಿ.

“ಲಿಗೋರಿಯವ್ರು ಬಂದಿಲ್ಲ ಅಂದ್ರೆ ಅವ್ರ ವಿರೋಧ ಇಲ್ಲ ಅಂತ್ಲೇ ಅರ್ಥ,” ಎಂದರು ನಂಜುಂಡಪ್ಪ. “ವಿರೋಧ ಇಲ್ದಿರೋರೇ ವಿರೋಧ ಪಕ್ಷಕ್ಕೆ ಸರಿ.”

ಬೀಸುವ ದೊಣ್ಣೆ ತಪ್ಪಿತೆಂದು ಎಲ್ಲರೂ ಕೈ ಎತ್ತಿದರು. ಒಬ್ಬರೇ ಎದುರಾಳಿ ಆದದ್ದರಿಂದ ವಿರೋಧ ಪಕ್ಷದ ಪ್ರಥಮ ಸ್ಥಾನವೂ ಅವರಿಗೇ ಸಂದಿತು. ಅಂದೇ ಚಿಕ್ಕಪೇಟೆಗೆ ವಾಟ್ಸಾಪ್ ಹೋಯಿತು. ಫಲಕದಲ್ಲಿ ಜಾಗ ಸಾಲದೆ ಅಂಗಡಿಯವನು ನಮ್ಮ ಉದ್ದದ ವಾಕ್ಯವನ್ನು ತನ್ನ ವಿವೇಚನೆಯಿಂದ ಮೊಟಕುಮಾಡಿದ. ಕೊನೆಗೆ ಬಂದದ್ದು ಇಷ್ಟು: ‘ಅಮೆರಿಕ ವಿರೋಧಿ. ಪ್ರಥಮ. ಶ್ರೀ ಲಿಗೋರಿ, ಬ್ರಿಸ್ಬೇನ್.’

ಲಿಗೋರಿ ಅಂಕಲ್ ಕಾರ್ಕಳದ ಕಡೆಯವರು. ಇಪ್ಪತ್ತು ವರ್ಷ ಕುವೈತಿನಲ್ಲಿ, ಹದಿನೈದು ವರ್ಷ ಬ್ರಿಸ್ಬೇನಿನಲ್ಲಿ ಏಸಿ ರಿಪೇರಿ ಮಾಡಿ ಈಗ ನಿವೃತ್ತರಾಗಿದ್ದಾರೆ. ಪಾಸ್‌ಪೋರ್ಟ್ ಮಾತ್ರ ಇನ್ನೂ ಇಂಡಿಯಾದ್ದು. ಅದನ್ನು ಬಿಡಲು ಅವರಿಗೂ ರೀಟಾ ಆಂಟಿಗೂ ಮನಸ್ಸಾಗಿರಲಿಲ್ಲ. ಒಬ್ಬಳೇ ಮಗಳು ವೆನೆಸ್ಸಾ ಹೂಸ್ಟನ್‌ನಲ್ಲಿ ನರ್ಸ್. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಬಸುರಿಯಾಗಿದ್ದಳು, ನವೆಂಬರಿಗೆ ದಿನ ತುಂಬುತ್ತಿತ್ತು. ಗಂಡ ಹೆಂಡತಿ ಇಬ್ಬರೂ ವೀಸಾಕ್ಕೆ ಅರ್ಜಿ ಹಾಕಿ, ಸೆಪ್ಟೆಂಬರಿನ ಸಂದರ್ಶನಕ್ಕೆ ಕಾಯುತ್ತಿದ್ದರು.

ಫಲಕದ ಫೋಟೋ ನೋಡಿದ ದಿನ ಅವರು ನನ್ನ ಮನೆಗೆ ನಡೆದುಕೊಂಡೇ ಬಂದರು.

“ಎಂತದು ಮಾರಾಯ್ರೆ ಇದು? ಅಮೆರಿಕಕ್ಕೆ ನಾನು ಎಂತ ಮಾಡಿದ್ದೇನೆ? ನನ್ನ ಹೆಸರು ತೆಗೆಯಿರಿ. ಮೊಮ್ಮಗುವಿನ ಮುಖ ನೋಡ್ಲಿಕ್ಕೆ ಬಿಡಿ.”

ಹೆಸರು ಕೆತ್ತಿಯಾಗಿದೆ ಎಂದೆ. ಹಾಗೆ ಹೇಳುವಾಗ ನನಗೆ ನಾಚಿಕೆಯಾಯಿತು; ಆದರೆ ನಾಚಿಕೆ ನಡಾವಳಿಯಲ್ಲಿ ಬರುವುದಿಲ್ಲ.

ಸಮಿತಿಯೇನು ಕಲ್ಲೆದೆಯದಲ್ಲ. ಅಂಕಲ್‌ಗೆ ತೊಂದರೆಯಾಗದಂತೆ ಅವರ ಭಾಷಣವನ್ನು ಮೊದಲೇ ಓದಿ ತಿದ್ದಲು ಒಂದು ಉಪಸಮಿತಿ ನೇಮಕವಾಯಿತು. ಅದರ ಮುಖ್ಯಸ್ಥೆ ಅಡಿಲೇಡ್ ಕೂಟದ ಅಧ್ಯಕ್ಷೆ ಚಂಪಾ. ಅಂಕಲ್ ಬರೆದುಕೊಟ್ಟದ್ದು ಒಂದೇ ಪುಟ. ಅಮೆರಿಕದಲ್ಲಿ ಆಸ್ಪತ್ರೆ ಖರ್ಚು ಜಾಸ್ತಿ ಎಂದು ಮಗಳು ಹೇಳುತ್ತಾಳೆ ಎಂಬುದು ಮೊದಲ ಅಂಶ. ಅದು ಆರ್ಥಿಕ ಬಲದ ಮೇಲಿನ ನೇರ ದಾಳಿಯೆಂದು ತೆಗೆಯಲಾಯಿತು. ಅಮೆರಿಕ ಬಹಳ ದೂರ ಎಂಬ ಎರಡನೆಯ ಅಂಶವನ್ನು, ಜಗತ್ತು ಅಮೆರಿಕದಿಂದ ದೂರವಾಗುತ್ತಿದೆ ಎಂಬ ಅರ್ಥ ಬರಬಹುದೆಂದು ಹೊಡೆದುಹಾಕಲಾಯಿತು. ಅಲ್ಲಿ ಎಲ್ಲ ದೇಶದವರೂ ಇದ್ದಾರಂತೆ, ಆದರೆ ಮಗಳಿಗೆ ಬೂತಾಯಿ ಮೀನು ಸಿಗುವುದಿಲ್ಲವಂತೆ ಎಂಬುದು ಮೂರನೆಯದು. ವೈವಿಧ್ಯದ ವಿಚಾರ ಸೂಕ್ಷ್ಮವಾದದ್ದು ಎಂದು ಚಂಪಾ ಕೆಂಪು ಗೆರೆ ಎಳೆದರು. ಉಳಿದದ್ದು ‘ವಿರೋಧ ಪಕ್ಷದ ಪರವಾಗಿ ಎಲ್ಲರಿಗೂ ನಮಸ್ಕಾರ’ ಎಂಬ ಒಂದು ಸಾಲು. ನಮಸ್ಕಾರ ನಿರುಪದ್ರವಿ, ಆದರೆ ಅದು ಯಾರ ಪರವಾಗಿ ಎಂಬುದು ವಿಡಿಯೋದಲ್ಲಿ ದಾಖಲಾಗುತ್ತದೆಂದು ಅದೂ ಹೋಯಿತು.

ಇಷ್ಟಾದ ಮೇಲೆ ಅಂಕಲ್ ಬಂದು ಹೋದರೆ ಸಾಕಿತ್ತು. ಆದರೆ ಹದಿನಾಲ್ಕನೆಯ ನಿಯಮ ಅಡ್ಡ ಬಂತು: ‘ಪ್ರತಿ ಸ್ಪರ್ಧಿಯೂ ತನಗೆ ಕೊಟ್ಟ ಏಳು ನಿಮಿಷಗಳನ್ನು ಪೂರ್ತಿ ಬಳಸತಕ್ಕದ್ದು. ಗಂಟೆ ಬಾರಿಸುವ ಮುನ್ನ ವೇದಿಕೆ ಇಳಿಯುವಂತಿಲ್ಲ.’ ಮೈಕು ಬಿಡದವರನ್ನು ನೋಡಿದ್ದ ನಮಗೆ ಈ ನಿಯಮ ಯಾಕೆ ಬಂತೋ ನೆನಪಿಲ್ಲ. ನಿಯಮ ಇತ್ತು, ಅಷ್ಟೇ.

ಆಗಸ್ಟ್ ಕೊನೆಯ ಶನಿವಾರ ಪರ್ತ್‌ನ ಮೋರ್ಲಿಯಲ್ಲಿ ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಚರ್ಚೆ ನಡೆಯಿತು. ಅಂಕಲ್, ರೀಟಾ ಆಂಟಿ, ನಾನು ಒಟ್ಟಿಗೇ ವಿಮಾನದಲ್ಲಿ ಹೋದೆವು. ಆಂಟಿ ಹೋದವರೇ ಅಡುಗೆಮನೆ ಸೇರಿ ಹಪ್ಪಳ ಕರಿಯಲು ನಿಂತರು.

ಪರವಾಗಿ ಮೊದಲು ಮಾತಾಡಿದವರು ನಂಜುಂಡಪ್ಪ. ನಾವು ದುಡಿಯುವುದು ಆಸ್ಟ್ರೇಲಿಯದ ಡಾಲರಿನಲ್ಲಾದರೂ ಬೆಳಿಗ್ಗೆ ಎದ್ದು ನೋಡುವುದು ಅಮೆರಿಕದ ಡಾಲರಿನ ರೇಟನ್ನೇ, ಇದಕ್ಕಿಂತ ಆರ್ಥಿಕ ಬಲ ಬೇಕೇ ಎಂದು ಕೇಳಿದರು. ಮರ್ಯಾದೆಯ ವಿಚಾರ ಬಂದಾಗ ಅವರು ಸಭೆಯತ್ತ ಪೂರ್ತಿ ತಿರುಗಿದರು.

“ಅಮೆರಿಕದ ಮರ್ಯಾದೆ ಎಷ್ಟಿದೆ ಅಂದ್ರೆ, ಮೂರು ಊರು ಹುಡುಕಿದ್ರೂ ಅದರ ವಿರುದ್ಧ ಮಾತಾಡೋಕೆ ನಮಗೆ ಒಬ್ರೂ ಸಿಗ್ಲಿಲ್ಲ.”

ಲಿಗೋರಿ ಅಂಕಲ್ ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಸಭೆ ಒಪ್ಪಿ ತಲೆಯಾಡಿಸಿತು.

ವೈವಿಧ್ಯದ ಬಗ್ಗೆ ಚಂಪಾ ಅಂಕಿ ಅಂಶಗಳೊಂದಿಗೆ ಮಾತಾಡಿದರು. ಅವರ ಚಿಕ್ಕಮ್ಮನ ಮಗಳು ನ್ಯೂಜೆರ್ಸಿಯಲ್ಲಿ ಇರುವ ಒಂದೇ ಕಟ್ಟಡದಲ್ಲಿ ಮಂಡ್ಯದವರು, ಹಾಸನದವರು, ದಾವಣಗೆರೆಯವರು, ಧಾರವಾಡದವರು ಎಲ್ಲರೂ ಇದ್ದಾರಂತೆ. ಇಂಥ ಸಾಂಸ್ಕೃತಿಕ ವೈವಿಧ್ಯ ಜಗತ್ತಿನ ಬೇರೆ ಯಾವ ದೇಶದಲ್ಲಿದೆ ಎಂದು ಅವರು ಕೇಳಿದರು.

ಆಮೇಲೆ ವಿರೋಧ ಪಕ್ಷದ ಸರದಿ. ಲಿಗೋರಿ ಅಂಕಲ್ ಸೂಟು ಹಾಕಿಕೊಂಡು ಬಂದಿದ್ದರು. ಮೈಕಿನ ಮುಂದೆ ನಿಂತರು, ಕೈ ಕಟ್ಟಿಕೊಂಡರು, ಕಣ್ಣು ಮುಚ್ಚಿದರು. ಏಳು ನಿಮಿಷ ಹಾಗೆಯೇ ನಿಂತರು. ಮೊದಲ ನಿಮಿಷದಲ್ಲಿ ಒಂದಿಬ್ಬರು ಕೆಮ್ಮಿದರು. ಮೂರನೆಯ ನಿಮಿಷಕ್ಕೆ ಮಕ್ಕಳು ಕೂಡ ಸುಮ್ಮನಾದರು. ಅಡುಗೆಮನೆಯಿಂದ ಹಪ್ಪಳದ ಸದ್ದು ಮಾತ್ರ ಕೇಳುತ್ತಿತ್ತು. ನಾನು ಗಂಟೆ ಹೊಡೆದಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹನ್ನೊಂದು ವರ್ಷದಲ್ಲಿ ಯಾವ ಭಾಷಣಕ್ಕೂ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಇದಕ್ಕಿಂತ ಚೆನ್ನಾದ ಭಾಷಣ ಸಭಿಕರು ಕೇಳಿಯೂ ಇರಲಿಲ್ಲ. ಅಂಕಲ್‌ಗೆ ಶಾಲು, ಮೈಸೂರು ಪೇಟ, ಫಲಕ ಕೊಟ್ಟು ಫೋಟೋ ತೆಗೆದು, ವಿಡಿಯೋ ಸಮೇತ ಸಂಜೆಯೊಳಗೆ ಫೇಸ್‌ಬುಕ್ಕಿಗೆ ಹಾಕಲಾಯಿತು.

ಸೆಪ್ಟೆಂಬರಿನಲ್ಲಿ ವೀಸಾ ಸಂದರ್ಶನ ಆಯಿತು. ಅಧಿಕಾರಿ ಬಹಳ ಮರ್ಯಾದಸ್ಥನಂತೆ. ಫಲಕದ ಬರಹವನ್ನು ಯಂತ್ರದಿಂದ ಇಂಗ್ಲಿಷಿಗೆ ತಿರುಗಿಸಿ ಓದಿಕೊಂಡಿದ್ದ. ವಿಡಿಯೋವನ್ನೂ ಪೂರ್ತಿ ನೋಡಿದ್ದ. ಈ ಏಳು ನಿಮಿಷದ ವಿರೋಧದಲ್ಲಿ ಏನು ಹೇಳಲಾಗಿದೆ ಎಂಬುದರ ಅಧಿಕೃತ ಅನುವಾದ ಬೇಕು, ಅದು ಬರುವವರೆಗೆ ಅರ್ಜಿ ಪರಿಶೀಲನೆಯಲ್ಲಿರುತ್ತದೆ ಎಂದ. ಏನೂ ಹೇಳಿಲ್ಲ ಎಂದು ಅಂಕಲ್ ಹೇಳಿದರು. ಹಾಗಾದರೆ ಆ ಏನೂ ಇಲ್ಲದ್ದರ ಅನುವಾದ ತನ್ನಿ ಎಂದನಂತೆ.

ಸರ್ಕಾರದ ಮಾನ್ಯತೆ ಪಡೆದ ಕನ್ನಡ ಅನುವಾದಕಿ ಸುಭದ್ರಾ ಇರುವುದು ಅಡಿಲೇಡ್‌ನಲ್ಲಿ. ಅವರು ವಿಡಿಯೋವನ್ನು ಎರಡು ಸಲ ನೋಡಿ, ಕೆಲಸ ಕಷ್ಟದ್ದಲ್ಲ ಎಂದರು. ಆದರೆ ಒಂದು ತಾಂತ್ರಿಕ ತೊಡಕಿತ್ತು. ತನಗೆ ಮಾನ್ಯತೆ ಇರುವುದು ಕನ್ನಡದ ಮೌನಕ್ಕೆ ಮಾತ್ರ. ಲಿಗೋರಿಯವರ ಮನೆಮಾತು ಕೊಂಕಣಿ. ಆದ್ದರಿಂದ ಅವರು ಯಾವ ಭಾಷೆಯಲ್ಲಿ ಸುಮ್ಮನಿದ್ದರು ಎಂಬುದನ್ನು ಪ್ರಮಾಣ ಮಾಡಿ ಬರೆದುಕೊಡಬೇಕು.

ಸಮಿತಿ ತುರ್ತಾಗಿ ಆನ್‌ಲೈನಿನಲ್ಲಿ ಸೇರಿತು. ಕನ್ನಡ ಕೂಟದ ವೇದಿಕೆಯಲ್ಲಿ ಕನ್ನಡವಲ್ಲದೆ ಬೇರೆ ಭಾಷೆಯಲ್ಲಿ ಮೌನವಾಗಿರಲು ಮೂರನೆಯ ನಿಯಮದಲ್ಲಿ ಅವಕಾಶವಿಲ್ಲವೆಂದು ನಂಜುಂಡಪ್ಪ ಎಚ್ಚರಿಸಿದರು. ಕೊಂಕಣಿ ಎಂದು ಸಾಬೀತಾದರೆ ಫಲಕ ವಾಪಸು ಪಡೆಯಬೇಕಾಗುತ್ತದೆ. ಈಗಲೇ ಕೊಡುತ್ತೇನೆ, ಬೇಕಾದರೆ ಕೊರಿಯರ್ ಖರ್ಚೂ ನನ್ನದೇ ಎಂದು ಅಂಕಲ್ ಎದ್ದೇ ನಿಂತರು. ಕೆತ್ತಿದ ಫಲಕವನ್ನು ವಾಪಸು ಪಡೆದ ಪೂರ್ವನಿದರ್ಶನವಿಲ್ಲವೆಂದು ಚಂಪಾ ಅವರನ್ನು ಕೂರಿಸಿದರು. ಕೊನೆಗೆ, ಅಲ್ಲಿ ನಿಂತಾಗ ಮನಸ್ಸಿನಲ್ಲಿ ಏನಿತ್ತು ಎಂದು ನಾನೇ ಕೇಳಿದೆ.

ಅಂಕಲ್ ಹೇಳಿದರು. “ನಮಾನ್ ಮರಿಯೆ ಹೇಳ್ತಾ ಇದ್ದೆ, ನಮ್ಮ ಮಾತೆಯ ಪ್ರಾರ್ಥನೆ. ವೆನೆಸ್ಸಾನ ಹೆರಿಗೆ ಸುಸೂತ್ರ ಆಗ್ಲಿ ಅಂತ. ಇಪ್ಪತ್ತು ಮುಗಿದಿತ್ತು. ಇಪ್ಪತ್ತೊಂದನೇದು ಅರ್ಧದಲ್ಲಿ ಇರುವಾಗ ನೀವು ಗಂಟೆ ಹೊಡೆದ್ರಿ.”

ನನಗೆ ಆ ಗಂಟೆಯನ್ನು ಎಲ್ಲಾದರೂ ಎಸೆಯಬೇಕೆನ್ನಿಸಿತು. ಆಮೇಲೆ ನಂಜುಂಡಪ್ಪನವರು ನಿರ್ಣಯವನ್ನು ಹೇಳಿ ಬರೆಸಿದರು: ‘ಪ್ರಾರ್ಥನೆಯು ಖಾಸಗಿಯಾಗಿ ಕೊಂಕಣಿಯಲ್ಲಿಯೂ, ಮೌನವು ಸಾರ್ವಜನಿಕವಾಗಿ ಕನ್ನಡದಲ್ಲಿಯೂ ನೆರವೇರಿದೆ.’ ಸುಭದ್ರಾ ಇದನ್ನು ಒಪ್ಪಿದರು. ಖಾಲಿ ಹಾಳೆಯೊಂದರ ಕೆಳಗೆ ‘ಮೇಲಿನದು ಕನ್ನಡ ಮೂಲದ ಯಥಾವತ್ ಅನುವಾದ’ ಎಂದು ಬರೆದು ಮೊಹರು ಹಾಕಿ, ಎರಡು ಪ್ರತಿ ಕಳಿಸಿದರು.

ಅಕ್ಟೋಬರಿನಲ್ಲಿ ವೀಸಾ ಕಚೇರಿಯ ಉತ್ತರ ಬಂತು. ಮೌನದಲ್ಲಿ ಆಕ್ಷೇಪಾರ್ಹವಾದದ್ದೇನೂ ಕಂಡುಬಂದಿಲ್ಲ, ಅನುವಾದದ ಗುಣಮಟ್ಟ ತೃಪ್ತಿಕರವಾಗಿದೆ. ಆದರೆ ಮೌನದ ನಂತರ ನಲವತ್ತೆರಡು ಸೆಕೆಂಡಿನ ಚಪ್ಪಾಳೆ ಇದ್ದು, ಅದು ಸಭೆಯು ಗ್ರಹಿಸಿದ ಯಾವುದೋ ಅಭಿಪ್ರಾಯಕ್ಕೆ ಸಂದ ಬೆಂಬಲದಂತೆ ತೋರುತ್ತದೆ. ಯಾರು, ಯಾತಕ್ಕಾಗಿ ಚಪ್ಪಾಳೆ ತಟ್ಟಿದರು ಎಂಬ ಬಗ್ಗೆ ಹಾಜರಿದ್ದವರಿಂದ ಹೇಳಿಕೆ ಬೇಕು.

ಹಾಜರಿದ್ದವರು ನೂರ ಎಂಬತ್ತಾರು ಜನ. ಎಲ್ಲರಿಗೂ ನಾನೇ ನಮೂನೆ ಕಳಿಸಿದೆ. ಅಂಕಲ್ ನಿಂತ ರೀತಿ ನೋಡಿ ಮನಸ್ಸು ತುಂಬಿ ತಟ್ಟಿದೆವು, ಅದರಲ್ಲಿ ಅಮೆರಿಕದ ಮಾತೇ ಇರಲಿಲ್ಲ ಎಂದು ಹತ್ತು ಜನ ಬರೆದಿದ್ದರೂ ಸಾಕಾಗುತ್ತಿತ್ತು. ಒಬ್ಬರೂ ಬರೆಯಲಿಲ್ಲ. ತಾವು ಸ್ಪರ್ಧಿಗಾಗಿ ಚಪ್ಪಾಳೆ ತಟ್ಟಿಲ್ಲ, ಊಟದ ಹೊತ್ತಾಯಿತೆಂಬ ಸಂತೋಷಕ್ಕೆ ತಟ್ಟಿದ್ದು, ಸ್ಪರ್ಧಿಯ ವಿಚಾರಗಳಿಗೂ ತಮಗೂ ಸಂಬಂಧವಿಲ್ಲ ಎಂದು ಎಲ್ಲರೂ ಒಂದೇ ವಾಕ್ಯ ಬರೆದು ಸಹಿ ಮಾಡಿದ್ದರು. ಆ ವಾಕ್ಯವನ್ನು ಚಂಪಾ ಗ್ರೂಪಿನಲ್ಲಿ ಹಾಕಿದ್ದರು. ನಾನೂ ಅದನ್ನೇ ಬರೆದೆ. ನನ್ನ ತಂಗಿ ಡಲ್ಲಾಸ್‌ನಲ್ಲಿದ್ದಾಳೆ.

ಇಷ್ಟೊಂದು ಜನ ಸಂಬಂಧವಿಲ್ಲವೆಂದು ಬರೆದುಕೊಡುವಂಥ ವಿಚಾರಗಳು ಯಾವುವು ಎಂದು ವೀಸಾ ಕಚೇರಿಗೆ ಸಹಜವಾಗಿಯೇ ಅನುಮಾನ ಬಂತು. ಲಿಗೋರಿಯವರ ಅರ್ಜಿ ಮುಂದಿನ ಹಂತದ ಪರಿಶೀಲನೆಗೆ ಹೋಯಿತು. ಅದಕ್ಕೆ ಕಾಲಮಿತಿ ಇಲ್ಲ. ರೀಟಾ ಆಂಟಿ ಚಪ್ಪಾಳೆಯ ಹೊತ್ತಿಗೆ ಅಡುಗೆಮನೆಯಲ್ಲಿದ್ದದ್ದು ವಿಡಿಯೋದಿಂದ ಖಚಿತವಾದ್ದರಿಂದ ಅವರಿಗೆ ಹತ್ತು ವರ್ಷದ ವೀಸಾ ಬಂತು.

ನವೆಂಬರ್ ಮೊದಲ ವಾರ ನಾನೇ ಕಾರಿನಲ್ಲಿ ಅವರನ್ನು ಏರ್‌ಪೋರ್ಟಿಗೆ ಬಿಟ್ಟೆ. ಒಬ್ಬಳೇ ಹೋಗಲಾರೆ ಎಂದು ಆಂಟಿ ದಾರಿಯುದ್ದಕ್ಕೂ ಅಳುತ್ತಿದ್ದರು. ಅಂಕಲ್ ಅವರ ಬ್ಯಾಗಿನ ಬೀಗವನ್ನು ಎರಡು ಸಲ ಎಳೆದು ನೋಡಿದರು.

“ಹೋಗು ರೀಟಾ. ನನ್ನ ಪಾಲಿನದ್ದೂ ನೀನೇ ನೋಡಿಕೊಂಡು ಬಾ,” ಎಂದರು.

ಆರು ದಿನಕ್ಕೆ ಹೆರಿಗೆಯಾಯಿತು. ಹೆಣ್ಣು ಮಗು, ತಾಯಿ ಮಗು ಕ್ಷೇಮ.

ಡಿಸೆಂಬರಿನ ಸಭೆಯಲ್ಲಿ ಮುಂದಿನ ವರ್ಷದ ನಿಯಮಗಳಿಗೆ ತಿದ್ದುಪಡಿ ಆಯಿತು. ಇನ್ನು ಮುಂದೆ ಎಲ್ಲ ಸ್ಪರ್ಧಿಗಳೂ ಮೌನವಾಗಿಯೇ ಚರ್ಚಿಸತಕ್ಕದ್ದು; ಮೌನದ ಭಾಷೆಯನ್ನು ಎಂಟು ವಾರ ಮೊದಲೇ ತಿಳಿಸತಕ್ಕದ್ದು; ಸಭಿಕರು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳತಕ್ಕದ್ದು. ಯಾರದೂ ಆಕ್ಷೇಪಣೆ ಬರಲಿಲ್ಲ. ಅಮೆರಿಕದ ಮರ್ಯಾದೆ, ವೈವಿಧ್ಯ ಮತ್ತು ಆರ್ಥಿಕ ಬಲ ಮೂರೂ ಉಳಿದಿವೆ ಎಂಬ ಫಲಿತಾಂಶವನ್ನೂ ಆಗಲೇ ದಾಖಲಿಸಲಾಯಿತು.

ಕೊನೆಯಲ್ಲಿ ನಂಜುಂಡಪ್ಪನವರು ಒಂದು ಅಭಿನಂದನಾ ನಿರ್ಣಯ ಮಂಡಿಸಿದರು: ‘ಸಮಿತಿಯ ಸತತ ಪ್ರಯತ್ನದಿಂದ ಲಿಗೋರಿ ದಂಪತಿಗಳ ಪೈಕಿ ಶೇಕಡಾ ಐವತ್ತು ಮಂದಿ ಸುರಕ್ಷಿತವಾಗಿ ಅಮೆರಿಕ ತಲುಪಿರುವುದಕ್ಕೆ ಈ ಸಭೆ ಹರ್ಷ ವ್ಯಕ್ತಪಡಿಸುತ್ತದೆ.’

ಅನುಮೋದಿಸುವವರು ಯಾರೆಂದು ಕೇಳಿದೆ. ಎಲ್ಲರೂ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡರು. ಆಗ ಬ್ರಿಸ್ಬೇನಿನ ಪರದೆಯಲ್ಲಿ ಲಿಗೋರಿ ಅಂಕಲ್ ಕೈ ಎತ್ತಿದರು. ನಾನು ಅವರ ಹೆಸರು ಬರೆದುಕೊಂಡೆ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.