ಎತ್ತು ಕಟ್ಟಿದ ಜೀಪು

ಜೀಪು ಕೊಂಡವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೊಂಡ ಜೀಪಿಗೆ ಎತ್ತು ಕಟ್ಟಿ ಊರಿಗೆ ಹೊಡೆದುಕೊಂಡು ಬಂದವರು ನನಗೆ ಗೊತ್ತಿರುವಂತೆ ಒಬ್ಬರೇ. ಅವರು ನಮ್ಮ ಭಾವ, ಅಂದರೆ ನನ್ನ ಯಜಮಾನರ ಅಣ್ಣ. ಜೀಪು ಕೆಟ್ಟಿತ್ತೇ? ಇಲ್ಲ. ಪೆಟ್ರೋಲ್ ಇರಲಿಲ್ಲವೇ? ಟ್ಯಾಂಕಿನಲ್ಲೂ ಇತ್ತು, ಹಿಂದೆ ಡಬ್ಬದಲ್ಲೂ ಇತ್ತು. ಡ್ರೈವರ್ ಸಿಗಲಿಲ್ಲವೇ? ಯುದ್ಧ ಆಗಷ್ಟೇ ಮುಗಿದಿತ್ತು. ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಎತ್ತ ತಿರುಗಿದರೂ ಕೆಲಸವಿಲ್ಲದ ಡ್ರೈವರುಗಳೇ. ಆದರೂ ಎತ್ತು!

ಇದಕ್ಕೆ ಕಾರಣ ಹೇಳಬೇಕಾದರೆ ನಮ್ಮವರ ವಿಷಯ ಹೇಳಬೇಕು. ನಮ್ಮವರು ಹೊಸಕೋಟೆಗೂ ಬೆಂಗಳೂರಿಗೂ ಓಡಾಡುತ್ತಿದ್ದ ಇದ್ದಿಲು ಬಸ್ಸಿನ ಡ್ರೈವರಾಗಿದ್ದರು. ಪೆಟ್ರೋಲಿಗೆ ಬರ ಬಂದ ಕಾಲ ಅದು. ಬಸ್ಸಿನ ಬೆನ್ನಿಗೆ ಒಂದು ಒಲೆ ಕಟ್ಟಿ, ಇದ್ದಿಲು ಉರಿಸಿ, ಆ ಹೊಗೆಯಲ್ಲಿ ಓಡಿಸುತ್ತಿದ್ದರು. ಸಂಜೆ ಮನೆಗೆ ಬಂದರೆ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ನಮ್ಮ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಮಿಲಿಟರಿಯವರು ಡ್ರೈವರುಗಳು ಬೇಕೆಂದರು, ಇವರು ಹೋದರು. ಒಮ್ಮೆ ರಜಾದ ಮೇಲೆ ಬಂದಾಗ ಅಣ್ಣನ ಮುಂದೆ ಕೂತು ಜೀಪಿನ ವರ್ಣನೆ ಮಾಡಿದ್ದೇ ಮಾಡಿದ್ದು.

"ಅದು ಹೋಗಾಕೆ ದಾರಿ ಬೇಡ ಕಣಣ್ಣ. ಅದು ಹೋಗಿದ್ದೇ ದಾರಿ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ. ಕೆಸರಿರಲಿ, ಮರಳಿರಲಿ, ದಿಬ್ಬ ಇರಲಿ, ಹತ್ಕೊಂಡು ಹೋಯ್ತಾ ಇರ್ತದೆ. ಯುದ್ಧ ಮುಗೀಲಿ, ಅದರಲ್ಲೊಂದನ್ನ ತಗೊಳ್ಳಾಣ."

"ತಗೊಳ್ಳಾಣ ಬಿಡು," ಅಂದರು ಭಾವ.

ಯುದ್ಧ ಮುಗಿಯಿತು. ಸುತ್ತಮುತ್ತಲ ಊರಿನ ಹುಡುಗರು ಒಬ್ಬೊಬ್ಬರಾಗಿ ಟ್ರಂಕು ಹೊತ್ತು ಬಂದರು. ನಮ್ಮವರು ಬರಲಿಲ್ಲ. ಬರ್ಮಾದ ಕಾಡಿನಲ್ಲಿ ಕಾಣೆಯಾಗಿದ್ದಾರೆ ಎಂದು ಸರ್ಕಾರದವರು ತಿಳಿಸಿ ಸುಮ್ಮನಾದರು. ಕಾಣೆ ಎಂದರೆ ಇದ್ದಾರೆ ಅಂತಲೋ, ಇಲ್ಲ ಅಂತಲೋ? ಯಾರನ್ನು ಕೇಳುವುದು? ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಅವರು ಕೊನೆಗೂ ಬರಲಿಲ್ಲ. ಓದುತ್ತ ಓದುತ್ತ ಈಗ ಬಂದಾರು, ಆಗ ಬಂದಾರು ಎಂದು ನೀವೂ ಕಾಯುವುದು ಬೇಡ. ನಾವು ಕಾದದ್ದೇ ಸಾಕು.

ಭಾವ ಮಾತ್ರ ಕಾಯುವ ಮನುಷ್ಯರಲ್ಲ, ಸಿದ್ಧತೆ ಮಾಡುವ ಮನುಷ್ಯರು. ಮಿಲಿಟರಿಯವರು ಮಿಕ್ಕ ಗಾಡಿಗಳನ್ನು ಹರಾಜು ಹಾಕುತ್ತಾರೆಂದು ತಿಳಿದದ್ದೇ ದಂಡಿಗೆ ಹೋಗಿ ಒಂದು ಜೀಪು ಹಿಡಿದೇಬಿಟ್ಟರು. ಅಲ್ಲಿದ್ದ ಡ್ರೈವರೊಬ್ಬ ಪಾಪ, ಊರು ಮುಟ್ಟಿಸಿ ಬರುತ್ತೇನೆ ಅಂದನಂತೆ.

"ಬೇಡ ಕಣಪ್ಪ. ನಮ್ಮನೇಲಿ ಡ್ರೈವರ್ ಅವ್ನೆ," ಅಂದರಂತೆ ಭಾವ.

"ಎಲ್ಲಿ, ಕರೀರಿ ಮತ್ತೆ."

"ಬರ್ತಾನೆ."

ಹೀಗಾಗಿ ಊರಿನಿಂದ ಎತ್ತುಗಳು ಹೋದವು. ಹಳೇ ಮದರಾಸು ರಸ್ತೆಯಲ್ಲಿ ಅಂದು ಆ ಮೆರವಣಿಗೆ ನೋಡಿದವರು ಜನ್ಮದಲ್ಲಿ ಮರೆತಿರಲಾರರು. ಮುಂದೆ ಎತ್ತು, ಎತ್ತಿನ ಮುಂದೆ ನಮ್ಮ ಆಳು, ಹಿಂದೆ ಜೀಪು. ಅಮೆರಿಕದವರು ಮಾಡಿದ ಗಾಡಿಯಾದ್ದರಿಂದ ಅದರ ಸ್ಟೀರಿಂಗ್ ಎಡಗಡೆ. ಭಾವ ಅಲ್ಲಿ ಕೂತರೇ? ಉಹುಂ. ಬಸ್ಸಿನಲ್ಲಿ ಸೀಟು ಹಿಡಿಯುವವರಂತೆ ಡ್ರೈವರ್ ಸೀಟಿನ ಮೇಲೆ ತಮ್ಮ ಟವಲ್ ಹಾಸಿ, ತಾವು ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿಂದಲೇ ಎಡಗೈ ಚಾಚಿ ಸ್ಟೀರಿಂಗ್ ಹಿಡಿದಿದ್ದರು. ಊರು ತಲುಪಿದ ಮೇಲೂ ಆ ಕೈ ಕೆಳಗಿಳಿಯಲಿಲ್ಲ. ಅಕ್ಕ, ಅಂದರೆ ಭಾವನವರ ಹೆಂಡತಿ, ನನ್ನ ವಾರಗಿತ್ತಿ, ಹರಳೆಣ್ಣೆ ಬಿಸಿ ಮಾಡಿ ತಿಕ್ಕಿ ತಿಕ್ಕಿ ಅದನ್ನು ಇಳಿಸಿದಳು.

ಗಾಡಿಯ ಪಕ್ಕಕ್ಕೆ ಒಂದು ಸಲಿಕೆ, ಒಂದು ಕೊಡಲಿ ಬಿಗಿದಿದ್ದವು. ಭಾವನಿಗೆ ಆದ ಸಂತೋಷ ಹೇಳತೀರದು. "ನೋಡಿದ್ಯಾ? ಯಾರೋ ದೊರೆಗಳಿಗೆ ಮಾಡಿದ ಗಾಡಿ ಅಲ್ಲ ಇದು. ರೈತರಿಗೆ ಮಾಡಿರಾದು. ಮೋಟಾರ್ ಕಾರಿಗೆ ಯಾರಾದ್ರೂ ಸಲಿಕೆ ಕೊಡ್ತಾರಾ?" ಎಂದು ಬಂದವರಿಗೆಲ್ಲ ವಾದ ಮಾಡಿದರು. ಅದಕ್ಕೆ ಬೀಗದ ಕೈ ಇರಲಿಲ್ಲ. ಒಂದು ಗುಬುಟು ತಿರುಗಿಸಿ, ಕಾಲಲ್ಲಿ ಒಂದು ಗುಂಡಿ ತುಳಿದರೆ ಯಾರಿಗೆ ಬೇಕಾದರೂ ಹೊರಡುತ್ತಿತ್ತು. ಇದು ಮಾತ್ರ ಭಾವನಿಗೆ ಸರಿ ಕಾಣಲಿಲ್ಲ. ಬರ್ಮಾದಲ್ಲಿ ಆನೆಗಳಿಗೆ ಹೆದರದೆ ಓಡಿದ್ದ ಗಾಡಿಯನ್ನು ನಮ್ಮ ಹಿತ್ತಿಲ ಹೊಂಗೆ ಮರಕ್ಕೆ ಸರಪಳಿ ಹಾಕಿ, ಎಮ್ಮೆಯ ಪಕ್ಕದಲ್ಲಿ ಕಟ್ಟಿದರು. ಎಮ್ಮೆ ಮೂರು ದಿನ ಹಾಲು ಕೊಡಲಿಲ್ಲ.

ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇತ್ತು. ಸೀಟಿನ ಮೆತ್ತೆ ಎತ್ತಿ ಸುರಿಯಬೇಕು. ಅದನ್ನು ನೋಡಿ ಅಕ್ಕ ಹೌಹಾರಿದಳು.

"ಅಲ್ಲಾ, ಬೆಂಕಿ ಹತ್ಕೊಳ್ಳೋ ಎಣ್ಣೆ ಮೇಲೇ ಕೂತ್ಕೊಂಡು ಹೋಗೋದಾ? ಯಾವ ಪುಣ್ಯಾತ್ಮ ಮಾಡಿದ್ನೋ ಇದನ್ನ."

"ಧೈರ್ಯ ಇರೋರಿಗೆ ಮಾಡವ್ರೆ. ನಿಂಗಲ್ಲ," ಅಂದರು ಭಾವ. ತಾವು ಆ ಸೀಟಿನಲ್ಲಿ ಒಂದು ದಿನವೂ ಕೂತವರಲ್ಲ ಎಂಬುದನ್ನು ಅಕ್ಕ ನೆನಪಿಸಲಿಲ್ಲ. ನನಗೂ ಅಕ್ಕನಿಗೂ ಅದು ಗೊತ್ತಿತ್ತು. ಆ ಸೀಟು ಯಾರದೆಂಬುದೂ ಗೊತ್ತಿತ್ತು.

ದಿನಾ ಬೆಳಿಗ್ಗೆ ಪಕ್ಕದ ಸೀಟಿನಿಂದಲೇ ಕಾಲು ಚಾಚಿ ಎಂಜಿನ್ ಸ್ಟಾರ್ಟ್ ಮಾಡಿ, ಅಲ್ಲೇ ಕೂತು ಒಂದು ಬೀಡಿ ಸೇದಿ, ಆಫ್ ಮಾಡಿ ಇಳಿದು ಬರುವುದು ಅವರ ಪದ್ಧತಿ. ನಿಂತ ಗಾಡಿಯಲ್ಲಿ ಎಲ್ಲಿಗೆ ಹೋಗಿ ಬರುತ್ತಿದ್ದರೋ! ಹೀಗೇ ಇದ್ದಾಗ ಹೊಸಕೋಟೆಯ ಮೆಕ್ಯಾನಿಕ್ಕೊಬ್ಬ, "ಬರೀ ಎಂಜಿನ್ ಓಡಿದ್ರೆ ಸಾಲದು ಗೌಡ್ರೇ, ಚಕ್ರ ಉರುಳಬೇಕು. ಇಲ್ದಿದ್ರೆ ಟೈರು ಒಂದೇ ಕಡೆ ಕೂತು ಹಾಳಾಗ್ತವೆ," ಎಂದು ಹೆದರಿಸಿಬಿಟ್ಟ. ಭಾವ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಅಡುಗೆಮನೆಯ ಬಾಗಿಲಿಗೆ ಬಂದು ಅಕ್ಕನಿಗೆ ಹೇಳಿದರು.

"ಚಿಕ್ಕೋಳಿಗೆ ಹೇಳು, ಜೀಪು ಅವಳೇ ಓಡಿಸಲಿ."

ಚಿಕ್ಕೋಳು ಎಂದರೆ ನಾನು. ಕೈಯಲ್ಲಿದ್ದ ಮುದ್ದೆಕೋಲು ಜಾರಿ ಕೆಳಗೆ ಬಿತ್ತು.

"ನಿಮಗೇನು ಬುದ್ಧಿ ನೆಟ್ಟಗೈತಾ? ಅವಳಿಗೆ ಹೆಂಗೆ ಬರ್ತದೆ?" ಅಂದಳು ಅಕ್ಕ.

"ಪಂಡಿತರ ಹೆಂಡ್ತಿಗೆ ಕಷಾಯ ಕಾಸಾಕೆ ಬರಲ್ವಾ? ಹಂಗೇಯ ಇದೂನೂ. ಡ್ರೈವರ್ ಹೆಂಡ್ತಿ ಅಲ್ವಾ ಅವಳು?"

ಈ ತರ್ಕಕ್ಕೆ ಏನು ಉತ್ತರ ಕೊಡುತ್ತೀರಿ? ತಮಾಷೆಯೆಂದರೆ ನನಗೆ ಸ್ವಲ್ಪ ಗೊತ್ತೂ ಇತ್ತು. ನಮ್ಮವರಿಗೆ ನಿದ್ದೆಯಲ್ಲೂ ಗೇರ್ ಹಾಕುವ ಅಭ್ಯಾಸ. ಎಡಗಾಲು ಒತ್ತುವುದು, ಕೈ ಮುಂದಕ್ಕೆ ಹೋಗುವುದು, ಹಿಂದಕ್ಕೆ ಬರುವುದು. ಹೊಸದರಲ್ಲಿ ಹೆದರಿಕೊಂಡಿದ್ದೆ. ಆಮೇಲೆ ಯಾವ ಗೇರು ಎಲ್ಲಿ ಎಂದು ಬಾಯಿಪಾಠವಾಯಿತು. ಆ ಹಾಳು ಹಾಸಿಗೆಯಲ್ಲಿ ಈಗ ಕೈಕಾಲು ಚಾಚಿ ಮಲಗಲು ಬೇಕಾದಷ್ಟು ಜಾಗವಿತ್ತು, ನಿದ್ದೆ ಮಾತ್ರ ಬರುತ್ತಿರಲಿಲ್ಲ.

ನಮ್ಮಲ್ಲಿ ಗಂಡನ ಅಣ್ಣನ ಮುಂದೆ ನಿಂತು ಮಾತಾಡುವಂತಿಲ್ಲ. ಅವರೂ ತಮ್ಮನ ಹೆಂಡತಿಯನ್ನು ನೇರವಾಗಿ ಮಾತಾಡಿಸುವುದಿಲ್ಲ. ಆ ಮನೆಗೆ ಬಂದಾಗಿನಿಂದ ಭಾವನಿಗೂ ನನಗೂ ನಡುವೆ ಒಂದು ಮಾತೂ ಆಗಿರಲಿಲ್ಲ. ಏನಿದ್ದರೂ ಅಕ್ಕನ ಮೂಲಕ. ಅಕ್ಕಿ ಮುಗಿಯಿತು, ನೆಂಟರು ಬಂದರು ಎನ್ನುವುದಕ್ಕೆ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ. ಡ್ರೈವಿಂಗ್ ಕಲಿಯುವುದಕ್ಕೆ?

ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳಕ್ಕೆ ಎತ್ತು ಕಟ್ಟಿಯೇ ಜೀಪನ್ನು ಎಳೆದುಕೊಂಡು ಹೋದರು. ಭಾವ ಡ್ರೈವರ್ ಸೀಟಿನ ಟವಲನ್ನು ತಾವೇ ಎತ್ತಿ, ಕೊಡವಿ, ಹೆಗಲಿಗೆ ಹಾಕಿಕೊಂಡು ಆ ಕಡೆ ತಿರುಗಿ ನಿಂತರು. ನಾನು ಸೆರಗು ಸಿಕ್ಕಿಸಿ ಹತ್ತಿ ಕೂತೆ. ಪಕ್ಕದಲ್ಲಿ ಅಕ್ಕ, ಕಣ್ಣು ಮುಚ್ಚಿಕೊಂಡು. ಹಿಂದಿನ ಬೆಂಚಿನಲ್ಲಿ ಭಾವ. ಅವರಿಗೂ ಡ್ರೈವಿಂಗ್ ಗೊತ್ತಿದ್ದದ್ದು ಮೆಕ್ಯಾನಿಕ್ಕಿನ ಹತ್ತಿರ ಕೇಳಿ ತಿಳಿದಷ್ಟೇ.

"ಕ್ಲಚ್ಚು ನಿಧಾನಕ್ಕೆ ಬಿಡಾಕೆ ಹೇಳು."

"ಅದೇನೋ ಬಿಡಬೇಕಂತೆ ಕಣೆ."

ಬಿಟ್ಟೆ. ಜೀಪು ಹಾರಿತು. ಕೆರೆಯಂಗಳದ ತುಂಬ ಧೂಳು. ಸಲೀಸಾಗಿ ಹೋಗುತ್ತಿದ್ದೇನೆ ಎಂದು ನನಗೆ ಹೆಮ್ಮೆಯೆನಿಸುವಷ್ಟರಲ್ಲಿ ಎದುರಿಗೆ ತೂಬಿನ ಹತ್ತಿರದ ಕೆಸರು ಕಂಡಿತು.

"ಬ್ರೇಕ್ ಒತ್ತಾಕೆ ಹೇಳು."

ಅಕ್ಕ ಕಣ್ಣು ಬಿಡಲಿಲ್ಲ. "ಏನು ಹೇಳಲಿ?"

"ಬ್ರೇಕು, ಬ್ರೇಕು."

"ಬ್ರೇಕಂತೆ ಕಣೆ. ಏನು ಮಾಡಬೇಕಂತ್ರೀ ಅದನ್ನ?"

ಅಷ್ಟರಲ್ಲಿ ನಾವು ಕೆಸರಿನ ನಡುವೆ ಇದ್ದೆವು. ಮುಂದಿನ ಚಕ್ರ ಅರ್ಧ ಮುಳುಗಿತ್ತು. ದಡದ ಮೇಲೆ ದನ ಕಾಯುವವರು ನಗುತ್ತಿದ್ದರು. ಭಾವ ಬೈಯುತ್ತಾರೆಂದುಕೊಂಡೆ. ಅವರ ಮುಖ ನೋಡಬೇಕಿತ್ತು! ಮಗು ಹುಟ್ಟಿದ ಸುದ್ದಿ ಕೇಳಿದವರ ಹಾಗಿತ್ತು. ನೆಲದಲ್ಲಿದ್ದ ಸಣ್ಣ ಹಿಡಿ ಎಳೆದರೆ ನಾಲ್ಕು ಚಕ್ರಕ್ಕೂ ಬಲ ಬರುತ್ತದೆ ಎಂದು ಅಕ್ಕನ ಬಾಯಲ್ಲಿ ಹೇಳಿಸಿದರು. ಎಳೆದು ಕ್ಲಚ್ಚು ಬಿಟ್ಟೆ. ಜೀಪು ನಡುಗಿ, ಗುರುಗುಟ್ಟಿ, ಅಕ್ಕನ ಸೀರೆಗೆಲ್ಲ ಕೆಸರು ಎರಚಿ, ದಡ ಹತ್ತಿ ನಿಂತಿತು.

"ಅವನು ಹೇಳಿದ್ದು ದಿಟ," ಅಂದರು ಭಾವ, ಯಾರಿಗೆ ಎಂದಿಲ್ಲ. "ಕೆಸರಾಗೂ ಹತ್ತತದೆ." ನನಗೆ ಸ್ಟೀರಿಂಗ್ ಮುಂದೆ ಕೂತೇ ಅಳು ಬಂತು. ಈ ಚಕ್ರ ಹಿಡಿಯಬೇಕಾದ ಕೈ ಎಲ್ಲಿದೆಯೋ ಎಂದು.

ವಾರಕ್ಕೊಂದು ಸಲ ಹೀಗೆ ಚಕ್ರ ಉರುಳಿಸಿ ತಂದು ಮತ್ತೆ ಮರಕ್ಕೆ ಕಟ್ಟುತ್ತಿದ್ದೆವು. ಊರಿನವರು ಮಾತಾಡಿದರು. ಭಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಗೆ ಬೇರೆ ಕೆಲಸವಿತ್ತು. ಸಿಪಾಯಿಗಳ ರೈಲು ಬರುತ್ತದೆಂದು ಕೇಳಿದರೆ ಸಾಕು, ದಂಡಿನ ಸ್ಟೇಷನ್ನಿಗೆ ಹೋಗುತ್ತಿದ್ದರು. ತಮ್ಮ ಸಿಗದಿದ್ದರೆ ಬರಿಗೈಯಲ್ಲಿ ಬರುತ್ತಿದ್ದರೇ? ಖಾಕಿ ತೊಟ್ಟ ಯಾರನ್ನಾದರೂ ಹಿಡಿದು ತಂದು, ಜೀಪು ತೋರಿಸಿ, ಊಟ ಹಾಕಿಸಿ, ಆಮೇಲೆ ಕೇಳುತ್ತಿದ್ದರು. ಕೋಲಾರದ ಕಡೆಯ ಸಿಪಾಯಿಯೊಬ್ಬ ಕೈ ತೊಳೆದು ಬಂದು ಸಂಕೋಚದಿಂದ ಹೇಳಿದ್ದು ನಾನು ಬಾಗಿಲ ಹಿಂದಿನಿಂದ ಕೇಳಿದ್ದೇನೆ.

"ಬರ್ಮಾ ಬಲು ದೊಡ್ಡದು ಗೌಡ್ರೇ. ಎಲ್ಲಿ ಅಂತ ನೋಡ್ಲಿ ನಾನು."

"ನಮ್ಮ ಹುಡುಗನೂ ಎತ್ತರದಾಳೇ ಕಣಪ್ಪ," ಅಂದರು ಭಾವ.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ನಗು ನಿಂತ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪಿತೃಪಕ್ಷ ಬಂತು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಹೋದವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ಕೂರುವುದು. ಅವರು ಬಂದು ಉಂಡು ಹೋಗಲಿ ಎಂದು. ಹಿಂದಿನ ಸಲ ನಮ್ಮವರ ಮಾತು ಬಂದಾಗ ಭಾವ ಎದ್ದು ಹೋಗಿ ಜೀಪಿನಲ್ಲಿ ಕೂತಿದ್ದರು. ಈ ಸಲ ಅವರ ಸೋದರತ್ತೆ, ಮನೆಗೆ ಹಿರಿಯಜ್ಜಿ, ಬಿಡಲಿಲ್ಲ. ಎಲ್ಲರ ಮುಂದೆ ಕೇಳಿದರು.

"ಗಾಡಿ ತಂದೆ, ಸಿಪಾಯಿಗಳಿಗೆಲ್ಲ ಉಣ್ಣಾಕಿಕ್ಕಿದೆ. ನಿನ್ನ ಒಡಹುಟ್ಟಿದೋನಿಗೆ ಒಂದೆಲೆ ಇಲ್ವೇನಪ್ಪ? ಆ ಜೀವ ಹಸ್ಕೊಂಡು ಅಲೀತಾ ಇದ್ರೆ ಏನು ಮಾಡ್ತೀಯ?"

ಅಜ್ಜಿಯ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನೇ ಎಷ್ಟೋ ಸಲ ಅದನ್ನೇ ಯೋಚಿಸಿ ಒದ್ದಾಡಿದ್ದೆ. ಇಲ್ಲವಾಗಿದ್ದರೆ ಹಸಿದಿರುತ್ತಾರೆ. ಇದ್ದರೆ, ಬದುಕಿದ್ದವರಿಗೆ ಎಡೆ ಇಟ್ಟ ಪಾಪ ಎಲ್ಲಿ ಕಳೆಯುವುದು? ಮತ್ತೆ, ಎಲೆ ಬಿದ್ದ ಗಳಿಗೆಯಿಂದ ನನ್ನ ಕೈಯಲ್ಲಿ ಬಳೆ ಇರುವಂತಿರಲಿಲ್ಲ.

ಭಾವ ಈ ಸಲ ಎದ್ದು ಹೋಗಲಿಲ್ಲ. ತಲೆ ಎತ್ತಿದರು. ಅಕ್ಕನ ಕಡೆ ತಿರುಗಲಿಲ್ಲ. ಬಾಗಿಲ ಸಂದಿಯಲ್ಲಿದ್ದ ನನ್ನನ್ನೇ ನೋಡಿ ಕೇಳಿದರು.

"ಅವನು ನಿನ್ನ ಗಂಡ ಕಣವ್ವ. ನೀನು ಹೇಳು. ಇಡಾಣ್ವಾ?"

ಆ ವಿಷಯದಲ್ಲಿ ಊರಿಗೂರೇ ಮಾತಾಡಿತ್ತು, ನನ್ನನ್ನು ಕೇಳಿದವರು ಅವರೊಬ್ಬರೇ. ಭಾವನೊಡನೆ ಆಡಿದ ಮೊದಲ ಮಾತು ಹೀಗೆ ಬಂತು.

"ಎಡೆ ಬೇಡ ಭಾವ. ಅಡುಗೆಮನೇಲಿ ಒಂದು ತಟ್ಟೆ ಬಡಿಸಿ ಮುಚ್ಚಿಡ್ತೀನಿ. ಹೊತ್ತಾಗಿ ಬರೋರಿಗೆ ಇಡ್ತೀವಲ್ಲ, ಹಂಗೆ. ಎಲ್ಲಿಂದ ಬಂದ್ರೂ ಉಣ್ಣಲಿ."

ಹಿರಿಯಜ್ಜಿ ಕಣ್ಣೊರೆಸಿಕೊಂಡರು. ನಾನು ಒಳಗೆ ಹೋಗಿ ತಟ್ಟೆ ತೆಗೆದೆ. ಮುದ್ದೆ ಕಟ್ಟಿ ಇಟ್ಟು, ಸಾರು ಬಿಡುವಾಗ ಅಡುಗೆಮನೆಯ ಬಾಗಿಲಲ್ಲಿ ನೆರಳು ಬಿತ್ತು. ಭಾವ ತಟ್ಟೆಯನ್ನು ನೋಡುತ್ತ ನಿಂತಿದ್ದರು.

"ಇನ್ನೊಂದು ಮುದ್ದೆ ಇಡವ್ವ," ಅಂದರು. "ಅವನು ಒಂದಕ್ಕೆ ಏಳೋನಲ್ಲ."